ಕೇಸಿಂಗ್ ಎಷ್ಟು ಅಡಿ?

ಬೇಸಿಗೆ ಶುರುವಾಗುವ ಹೊತ್ತಿಗೆ ಊರಿಂದ ಅಣ್ಣನ ಫೋನ್ ಬಂತು. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯೋದು. ತಿಪಟೂರು ಹತ್ತಿರ ನಮ್ಮದೊಂದು ತೆಂಗಿನ ತೋಟ ಇದೆ. ಅಲ್ಲಿನ ಬೋರ್‌ನಲ್ಲಿ ನೀರು ಕಮ್ಮಿಯಾಗಿದೆ, ಮೋಟರ್ ಎತ್ತಿಸಿ ಇನ್ನೊಂದಷ್ಟು ಪೈಪ್ ಸೇರಿಸಿ ಕೆಳಗಿಳಿಸಬೇಕು, ಮೋಟರ್ ಎತ್ತುವವನು ಬೋರ್ ಒಟ್ಟು ಎಷ್ಟು ಆಳ, ಕೇಸಿಂಗ್ (ಮಣ್ಣು ಕುಸಿಯದ ಹಾಗೆ ಬೋರಿನ ಮೇಲ್ಭಾಗಕ್ಕೆ ಇಳಿಸುವ ದಪ್ಪ ಪೈಪು) ಎಷ್ಟು ಅಡಿ, ನೀರು ಎಲ್ಲಿ ಸಿಕ್ಕಿತ್ತು ಅಂತ ಕೇಳುತ್ತಿದ್ದಾನೆ, ಹಳೇ ಬಿಲ್ಲು ನೋಡಿದರೆ ಗೆದ್ದಲು ತಿಂದಿದೆ. "ಎಲ್ಲಾ ಕಂಪ್ಯೂಟರಲ್ಲಿ ಬರೆದಿಟ್ಟಿದ್ದೆ ಕಣಪ್ಪ" ಅಂದರು.

ಆ ಕಂಪ್ಯೂಟರ್ 2005ರದ್ದು. ತಿಪಟೂರಿನಲ್ಲೇ ಅಸೆಂಬಲ್ ಮಾಡಿಸಿದ್ದು. ಅಣ್ಣ ಮೇಷ್ಟ್ರಾಗಿದ್ದವರು, ರಿಟೈರ್ ಆದಮೇಲೆ ಕನ್ನಡ ಟೈಪಿಂಗ್ ಕಲಿತು ತೋಟದ ಲೆಕ್ಕವನ್ನೆಲ್ಲ ಅದರಲ್ಲಿ ಬರೆಯುತ್ತಿದ್ದರು. ಆಮೇಲೆ ಮಳೆಗಾಲದ ಒಂದು ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು, ಸಿಪಿಯು ಡಬ್ಬ ಅಟ್ಟ ಸೇರಿತು. ಹತ್ತು ವರ್ಷದ ಮೇಲಾಯಿತು. ಯುಗಾದಿಗೆ ಊರಿಗೆ ಹೋದಾಗ ಅದನ್ನು ಇಳಿಸಿ, ಹಲ್ಲಿ ಮೊಟ್ಟೆ ಎಲ್ಲ ಕೊಡವಿ, ನಾಲ್ಕು ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದುಕೊಂಡೆ. ಅಮ್ಮ ಅದನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಚಕ್ಕುಲಿ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಟ್ಟರು. ರೈಲಿನಲ್ಲಿ ಅರಸೀಕೆರೆ ಕಡೆಯಿಂದ ಬಂದವರೆಲ್ಲ ನಿಂತೇ ಇದ್ದರು, ನಾನು ಮಾತ್ರ ಆ ಬ್ಯಾಗನ್ನು ಮಡಿಲಲ್ಲಿ ಕೂರಿಸಿಕೊಂಡು ಬೆಂಗಳೂರು ತಲುಪಿದೆ.

ತಲುಪಿದ ಮೇಲೆ ಹಾಕೋದು ಎಲ್ಲಿಗೆ? ನನ್ನ ಮನೆಯಲ್ಲಿರುವುದು ಈಗಿನ ಪುಟ್ಟ ಕಂಪ್ಯೂಟರ್, ಟಿಫನ್ ಬಾಕ್ಸ್‌ನಷ್ಟು. ಅದರೊಳಗೆ ಹಾರ್ಡ್ ಡಿಸ್ಕ್‌ಗೆ ಜಾಗವೇ ಇಲ್ಲ. ನನ್ನ ಟೇಬಲ್ ಡ್ರಾಯರ್‌ನಲ್ಲೂ ಎರಡು ಡಿಸ್ಕ್ ಅನಾಥವಾಗಿ ಬಿದ್ದಿದ್ದವು. ಒಂದು ಹಳೇ ಲ್ಯಾಪ್‌ಟಾಪಿನ 500 ಜಿಬಿ. ಇನ್ನೊಂದು ಕೆಟ್ಟುಹೋದ ಡೆಸ್ಕ್‌ಟಾಪಿನ 1 ಟಿಬಿ. ಈ 1 ಟಿಬಿ ನನಗೆ ಸ್ವಲ್ಪ ಜಾಸ್ತಿ ಪ್ರೀತಿಯದು, ಯಾಕೆಂದರೆ 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಅಲ್ಲಿನ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ ಜಗತ್ತಿನಲ್ಲೆಲ್ಲ ಡಿಸ್ಕ್ ರೇಟು ಏರಿತ್ತಲ್ಲ, ಸರಿಯಾಗಿ ಅದೇ ಹೊತ್ತಿಗೆ ಗೊಣಗಿಕೊಂಡು ತಂದಿದ್ದು.

ಅಂತೂ ಮೂರು ಡಿಸ್ಕಿಗೆ ಹೊರಗಿನ ಡಬ್ಬ ಬೇಕಾಯಿತು, ಡಿಸ್ಕನ್ನು ಒಳಗಿಟ್ಟು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸುವಂಥದ್ದು. ಅಂಗಡಿಯವರು ಇದಕ್ಕೆ ಹಾರ್ಡ್ ಡಿಸ್ಕ್ ಕೇಸಿಂಗ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇಂಥದ್ದಕ್ಕೆಲ್ಲ ಹೋಗೋದು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ. ಇದನ್ನೇ ಅಣ್ಣನಿಗೆ ಫೋನಲ್ಲಿ ಹೇಳಿದೆ.

"ಎಸ್.ಪಿ. ರೋಡಿಗೆ ಹೋಗಿ ಕೇಸಿಂಗ್ ತರಬೇಕು, ಅಣ್ಣ."

"ಅಲ್ಲೂ ಸಿಗುತ್ತಾ? ಎಷ್ಟು ಇಂಚಿಂದು?"

"ಮೂರೂವರೆ ಇಂಚು."

"ಮೂರೂವರೆ ಇಂಚಿಂದು ಯಾವ ಮೂಲೆಗೋ? ನಮ್ಮದು ಆರೂವರೆ ಇಂಚಿನ ಬೋರು!"

ಅರ್ಥ ಮಾಡಿಸೋದಕ್ಕೆ ಐದು ನಿಮಿಷ ಬೇಕಾಯಿತು. ಹಾಗೆ ನೋಡಿದರೆ ಅವರ ಕೇಸಿಂಗ್ ಲೆಕ್ಕವೇ ನಮ್ಮದಕ್ಕಿಂತ ನೆಟ್ಟಗಿದೆ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕನ್ನು ಸ್ಕೇಲ್ ಇಟ್ಟು ಅಳೆದು ನೋಡಿ, ಅಗಲ ನಾಲ್ಕು ಇಂಚು ಇರುತ್ತದೆ! ಹಿಂದೆ ಮೂರೂವರೆ ಇಂಚಿನ ಫ್ಲಾಪಿ ಹಾಕುತ್ತಿದ್ದ ಡ್ರೈವ್ ಕೂರುವ ಗೂಡಿನಲ್ಲೇ ಇದೂ ಕೂರುತ್ತಿತ್ತು, ಹಾಗಾಗಿ ಹೆಸರು ಅಂಟಿಕೊಂಡಿತು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದೂ ಅಷ್ಟೇ, ಅಳೆದರೆ ಎರಡೂಮುಕ್ಕಾಲು. ಅದರಲ್ಲಿ ದಪ್ಪವೂ ಬೇರೆ ಬೇರೆ. ಈಚಿನವು 7 ಮಿಲಿಮೀಟರ್, ಹಳೇ ಲ್ಯಾಪ್‌ಟಾಪಿನವು 9.5, ಕೆಲವು ದೊಡ್ಡ ಡಿಸ್ಕ್‌ಗಳು 12.5 ಅಥವಾ 15. ಕೇಸಿಂಗ್ ಡಬ್ಬದ ಮೇಲೆ ಈ ದಪ್ಪವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನಾವು ದೊಡ್ಡ ಅಕ್ಷರದ ಸ್ಪೀಡ್ ಮಾತ್ರ ಓದಿಕೊಂಡು ಬರುತ್ತೇವೆ.

ಮೊದಲು ಎಡವಿದ್ದು ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದ ಕಡೆಯೇ. 500 ಜಿಬಿ ಡಿಸ್ಕಿಗೆ ಆನ್‌ಲೈನ್‌ನಲ್ಲಿ 450 ರೂಪಾಯಿಯ ಕೇಸಿಂಗ್ ತರಿಸಿದ್ದೆ. ಡಿಸ್ಕ್ ಜಾರಿಸಿ ಮುಚ್ಚಳ ಹಾಕಿ, ಟೇಬಲ್ ಮೇಲಿದ್ದ ಯುಎಸ್‌ಬಿ ಹಬ್‌ಗೆ ಚುಚ್ಚಿದೆ. ಲೈಟ್ ಬಂತು. ಆಮೇಲೆ ಟಿಕ್, ಟಿಕ್, ಟಿಕ್. ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಟಿಕ್, ಟಿಕ್. ಹಾರ್ಡ್ ಡಿಸ್ಕ್ ಸಾಯುವುದನ್ನು ಒಮ್ಮೆ ಕೇಳಿದವರಿಗೆ ಈ ಸದ್ದು ಮರೆಯೋದಿಲ್ಲ. ಮಗಳ ಮೊದಲ ಮೂರು ವರ್ಷದ ಫೋಟೋ ಎಲ್ಲ ಅದರಲ್ಲೇ ಇದ್ದವು. ಅವತ್ತು ರಾತ್ರಿ ಊಟ ಸೇರಲಿಲ್ಲ. ಹೆಂಡತಿಗೆ ಹೇಳಲೂ ಇಲ್ಲ.

ಬೆಳಿಗ್ಗೆ ಎದ್ದು ಡಿಸ್ಕಿನ ಮೇಲಿನ ಚೀಟಿ ಓದಿದೆ. 5 ವೋಲ್ಟ್, 1 ಆಂಪ್ ಅಂತಿತ್ತು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡೋದು 500 ಮಿಲಿಆಂಪ್. ನೀಲಿ ಬಣ್ಣದ 3.0 ಪೋರ್ಟ್ 900. ತಟ್ಟೆ ತಿರುಗೋದಕ್ಕೆ ಶುರುವಾಗುವ ಮೊದಲ ಒಂದೆರಡು ಸೆಕೆಂಡಿನಲ್ಲಿ ಡಿಸ್ಕ್ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ, ಆಮೇಲೆ ಅದರ ಅರ್ಧವೂ ಬೇಡ. ನನ್ನ ಹಬ್ ಒಂದೇ ಪೋರ್ಟಿನ ಕರೆಂಟನ್ನು ಕೀಬೋರ್ಡು, ಮೌಸು, ಪೆನ್‌ಡ್ರೈವ್‌ಗೆಲ್ಲ ಹಂಚುತ್ತಿತ್ತು. ವೋಲ್ಟೇಜ್ ಡ್ರಾಪ್ ಆದಾಗ ಊರಿನಲ್ಲಿ ಮೋಟರ್ ಸ್ಟಾರ್ಟ್ ಆಗದೆ ಗುಂಯ್ ಅನ್ನುತ್ತದಲ್ಲ, ಇದೂ ಅದೇ ಕಥೆ. ಹಬ್ ತೆಗೆದುಹಾಕಿ, ಬೇರೆ ಗಿಡ್ಡ ಕೇಬಲ್ ಹಾಕಿ, ಕಂಪ್ಯೂಟರ್‌ನ ಹಿಂದಿನ ನೀಲಿ ಪೋರ್ಟಿಗೆ ನೇರವಾಗಿ ಚುಚ್ಚಿದೆ. ಸುಯ್ ಅಂತ ತಿರುಗಿತು. ಫೋಟೋಗಳೆಲ್ಲ ಇದ್ದವು. ಆಗ ಹೆಂಡತಿಗೆ ಹೇಳಿದೆ, ಆಗ ಬೈಸಿಕೊಂಡೆ.

ಹಳೇ ಕೇಸಿಂಗ್‌ಗಳ ಜೊತೆ ಎರಡು ತಲೆಯ ಕೇಬಲ್ ಯಾಕೆ ಬರುತ್ತಿತ್ತು ಅನ್ನೋದು ನನಗೆ ಹೊಳೆದದ್ದು ಅವತ್ತೇ. ಎರಡು ಪೋರ್ಟಿಂದ ಕರೆಂಟ್ ಎಳೆಯಲಿ ಅಂತ. ನಾನು ಇಷ್ಟು ವರ್ಷ ಅದರ ಎರಡನೇ ತಲೆಯನ್ನು ಸುಮ್ನೆ ನೇತಾಡೋದಕ್ಕೆ ಬಿಡುತ್ತಿದ್ದೆ.

ಮೂರೂವರೆ ಇಂಚಿನದಕ್ಕೆ ಈ ಆಟ ನಡೆಯೋದೇ ಇಲ್ಲ. ಅದಕ್ಕೆ 5 ವೋಲ್ಟ್ ಜೊತೆಗೆ 12 ವೋಲ್ಟೂ ಬೇಕು. ಯುಎಸ್‌ಬಿಯಿಂದ ಸುಮ್ಮನೆ ಬರೋದು 5 ಮಾತ್ರ. ಹಾಗಾಗಿ ಈ ಸೈಜಿನ ಕೇಸಿಂಗ್ ಜೊತೆ ಗೋಡೆಗೆ ಚುಚ್ಚುವ ಅಡಾಪ್ಟರ್ ಬರಲೇಬೇಕು, ಸಾಮಾನ್ಯವಾಗಿ 12 ವೋಲ್ಟ್ 2 ಆಂಪ್. ಅಡಾಪ್ಟರ್ ಇಲ್ಲದೆ ಯಾರಾದರೂ ಸೆಕೆಂಡ್ ಹ್ಯಾಂಡ್ ಕೇಸಿಂಗ್ ಕೊಟ್ಟರೆ ಕಮ್ಮಿ ರೇಟು ಅಂತ ತರಬೇಡಿ. ಮನೆಯಲ್ಲಿ ರೂಟರಿಂದು, ಸೆಟ್‌ಟಾಪ್ ಬಾಕ್ಸಿಂದು, ಲ್ಯಾಪ್‌ಟಾಪಿಂದು ಅಂತ ಹತ್ತು ಅಡಾಪ್ಟರ್ ಇರುತ್ತವೆ, ಪಿನ್ ಎಲ್ಲದರದ್ದೂ ಒಂದೇ ಥರ ಕಾಣುತ್ತದೆ. ರೂಟರಿನ ಅಡಾಪ್ಟರ್ 12 ವೋಲ್ಟೇ ಇದ್ದರೂ 1 ಆಂಪ್ ಆದರೆ ಡಿಸ್ಕ್ ಏಳೋದಕ್ಕೆ ನೋಡಿ ಮತ್ತೆ ಮಲಗುತ್ತದೆ. ಅದಾದರೂ ವಾಸಿ. ಲ್ಯಾಪ್‌ಟಾಪಿನ 19 ವೋಲ್ಟ್ ಚುಚ್ಚಿದರೆ ಕೇಸಿಂಗೂ ಡಿಸ್ಕೂ ಎರಡೂ ಸುಟ್ಟುಹೋಗಬಹುದು. ಇನ್ನು ಕೆಲವು ಹಳೇ ಕೇಸಿಂಗ್‌ಗಳಿಗೆ ಹಳೇ ಕೀಬೋರ್ಡಿನ ಪಿನ್ ಥರದ ದುಂಡನೆಯ, ಐದಾರು ಕಡ್ಡಿಯ ಪಿನ್ ಇರುತ್ತಿತ್ತು, 12 ಮತ್ತು 5 ಎರಡನ್ನೂ ಅಡಾಪ್ಟರೇ ಕಳಿಸುತ್ತಿತ್ತು. ಅಂಥ ಅಡಾಪ್ಟರ್ ಹೋದರೆ ಕೇಸಿಂಗ್ ಕಥೆಯೂ ಮುಗಿಯಿತು. ನಾನು ಈಗ ಹೊಸ ಅಡಾಪ್ಟರ್ ತಂದ ದಿನವೇ ಅದರ ವೈರಿಗೂ ಅದರ ಡಬ್ಬಕ್ಕೂ ಒಂದೇ ಬಣ್ಣದ ನೈಲ್ ಪಾಲಿಷ್ ಬೊಟ್ಟು ಇಡುತ್ತೇನೆ. ಮನೆಯಲ್ಲಿ ನಗುತ್ತಾರೆ. ನಗಲಿ.

ಶನಿವಾರ ಚಿಕ್ಕಪೇಟೆ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚನೆ ಮಾಡುತ್ತಾರೆ. 1 ಟಿಬಿ ಡಿಸ್ಕನ್ನೂ, ಅಣ್ಣನ 80 ಜಿಬಿ ಡಿಸ್ಕನ್ನೂ ಜೊತೆಗೇ ಒಯ್ದಿದ್ದೆ. ಚಪ್ಪಲಿ ಅಂಗಡಿಗೆ ಕಾಲು ಒಯ್ದ ಹಾಗೆ, ಡಿಸ್ಕ್ ಒಯ್ಯದೆ ಕೇಸಿಂಗ್ ಕೊಳ್ಳೋಕೆ ಹೋಗಬಾರದು.

ಅಂಗಡಿಯವರು ಮೊದಲು ಕೈಗೆ ಕೊಟ್ಟಿದ್ದು ಮಿರಮಿರ ಮಿಂಚುವ 10 ಜಿಬಿಪಿಎಸ್ ಟೈಪ್-ಸಿ ಕೇಸಿಂಗ್.

"ಲೇಟೆಸ್ಟ್ ಸರ್. ಡಬಲ್ ಸ್ಪೀಡು."

"ಇದು ತಿರುಗೋ ಡಿಸ್ಕು ಸಾರ್, ಎಸ್‌ಎಸ್‌ಡಿ ಅಲ್ಲ" ಅಂದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಬರೀ ಚಿಪ್, ಅದಕ್ಕೇ ಅದು ಜೋರು.

ಅವರು ಡಿಸ್ಕ್ ನೋಡಿ, ನನ್ನ ಮುಖ ನೋಡಿ, ಏನೂ ಮಾತಾಡದೆ ಅದನ್ನು ವಾಪಸ್ ಇಟ್ಟರು. ಒಳ್ಳೆಯ ಮನುಷ್ಯ.

ಈ ಸ್ಪೀಡಿನ ವಿಷಯದಲ್ಲಿ ನನ್ನ ಲೆಕ್ಕ ಇಷ್ಟೇ. ಯುಎಸ್‌ಬಿ 2.0ದಲ್ಲಿ ಕಾಗದದ ಮೇಲೆ 480 ಎಂಬಿಪಿಎಸ್ (ಇದು ಬಿಟ್‌ಗಳ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್) ಇದ್ದರೂ ಕೈಗೆ ಸಿಗೋದು ಸೆಕೆಂಡಿಗೆ 35 ಎಂಬಿ ಆಸುಪಾಸು. 500 ಜಿಬಿ ಖಾಲಿ ಮಾಡೋದಕ್ಕೆ ನಾಲ್ಕು ಗಂಟೆ. 3.0ದಲ್ಲಿ 5 ಜಿಬಿಪಿಎಸ್ ಇದೆ, ಆದರೆ ಲ್ಯಾಪ್‌ಟಾಪಿನ ಹಳೇ ಡಿಸ್ಕ್ ಓದಿಕೊಡೋದೇ ಸೆಕೆಂಡಿಗೆ ನೂರು ಎಂಬಿ ಸುತ್ತಮುತ್ತ, ದೊಡ್ಡ ಡಿಸ್ಕಾದರೆ ನೂರೈವತ್ತು, ಇನ್ನೂರು. ಅದೇ 500 ಜಿಬಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. 2.0ದಿಂದ 3.0ಗೆ ಹೋದರೆ ನಿಜವಾಗಲೂ ಲಾಭ. ಅದಕ್ಕಿಂತ ಮೇಲೆ ದುಡ್ಡು ಹಾಕೋದು ಬೋರ್‌ನಲ್ಲಿ ಒಂದೂವರೆ ಇಂಚು ನೀರು ಬರುವಾಗ ನಾಲ್ಕಿಂಚು ಪೈಪ್ ಎಳೆದ ಹಾಗೆ. ಎಸ್‌ಎಸ್‌ಡಿ ಹಾಕುವವರಿಗೆ ಲೆಕ್ಕವೇ ಬೇರೆ, ಅವರು 10ರದ್ದು ತಗೊಳ್ಳಲಿ. ಹೆಸರುಗಳಿಗೂ ಹೆದರಬೇಡಿ. 3.0 ಅಂದರೂ, 3.1 ಜೆನ್ 1 ಅಂದರೂ, 3.2 ಜೆನ್ 1 ಅಂದರೂ ಅದೇ 5 ಜಿಬಿಪಿಎಸ್. ಒಂದೇ ಹುಡುಗನಿಗೆ ಮೂರು ಸಲ ನಾಮಕರಣ ಮಾಡಿದ್ದಾರೆ.

ಪ್ಲಾಸ್ಟಿಕ್ಕೋ ಅಲ್ಯುಮಿನಿಯಮ್ಮೋ ಅನ್ನೋದು ಮುಂದಿನ ಪ್ರಶ್ನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಿಂದೆ ಒಬ್ಬ ಗೆಳೆಯನ ಪ್ಲಾಸ್ಟಿಕ್ ಕೇಸಿಂಗ್‌ನಲ್ಲಿ ಇದೇ 1 ಟಿಬಿ ಡಿಸ್ಕ್ ಹಾಕಿ ಏಪ್ರಿಲ್ ತಿಂಗಳಲ್ಲಿ ರಾತ್ರಿಯೆಲ್ಲ ಕಾಪಿ ಮಾಡಿದ್ದೆ. ಬೆಳಿಗ್ಗೆ ಮುಟ್ಟಿದರೆ ಆಗತಾನೇ ಒಲೆಯಿಂದ ಇಳಿಸಿದ ಹಂಚಿನ ಥರ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದರೆ 56 ಡಿಗ್ರಿ. ಸಾಮಾನ್ಯವಾಗಿ ಈ ಡಿಸ್ಕ್‌ಗಳಿಗೆ ಕಂಪನಿಯವರೇ ಹಾಕುವ ಗಡಿ 60. ಈಗಿನ ಲೋಹದ ಕೇಸಿಂಗ್‌ನಲ್ಲಿ 45 ದಾಟಿಲ್ಲ. ಡಿಸ್ಕಿನ ಮೈ ಕೇಸಿಂಗಿನ ಲೋಹಕ್ಕೆ ತಾಗಿಕೊಂಡಿರಬೇಕು, ಆಗ ಇಡೀ ಡಬ್ಬವೇ ಬಿಸಿಯನ್ನು ಹೊರಗೆ ಹಾಕುತ್ತದೆ. ಸಣ್ಣ ಫ್ಯಾನ್ ಇರುವವೂ ಸಿಗುತ್ತವೆ. ಆದರೆ ಆ ಪುಟ್ಟ ಫ್ಯಾನ್‌ಗಳು ಆರು ತಿಂಗಳಿಗೆ ಧೂಳು ತಿಂದು ಗೊರಗೊರ ಶುರುಮಾಡುತ್ತವೆ, ನಮ್ಮ ರಸ್ತೆಯಲ್ಲಂತೂ ಮೂರೇ ತಿಂಗಳು ಸಾಕು.

ಈ ಬಿಸಿ ಲೆಕ್ಕ ನನಗೆ ಕಾಣಿಸಿದ್ದೂ ಕೇಸಿಂಗ್ ಒಳಗಿನ ಚಿಪ್ಪಿನ ದಯೆಯಿಂದ. ಹಾರ್ಡ್ ಡಿಸ್ಕ್ ಮಾತಾಡುವುದು ಸಾಟಾ ಭಾಷೆ, ಕಂಪ್ಯೂಟರ್ ಕೇಳಿಸಿಕೊಳ್ಳುವುದು ಯುಎಸ್‌ಬಿ ಭಾಷೆ, ನಡುವೆ ಒಂದು ದುಭಾಷಿ ಚಿಪ್ ಕೂತಿರುತ್ತದೆ. ಜೆಮೈಕ್ರಾನ್, ಎಎಸ್‌ಮೀಡಿಯಾ ಕಂಪನಿಗಳ ಚಿಪ್‌ಗಳು ಸಾಮಾನ್ಯವಾಗಿ ಸಿಗುವಂಥವು. ಒಳ್ಳೆಯ ದುಭಾಷಿಯಾದರೆ ಡಿಸ್ಕಿನ ಆರೋಗ್ಯದ ವರದಿಯನ್ನೂ ದಾಟಿಸುತ್ತದೆ, ಅಂದರೆ ಎಷ್ಟು ಗಂಟೆ ಓಡಿದೆ, ಎಷ್ಟು ಜಾಗ ಕೆಟ್ಟಿದೆ, ಎಷ್ಟು ಬಿಸಿ ಇದೆ ಅನ್ನೋದೆಲ್ಲ. ಕೆಲವು ಕಳಪೆ ಚಿಪ್‌ಗಳು ಇದನ್ನು ನುಂಗಿಬಿಡುತ್ತವೆ. ಹಳೇ ಚಿಪ್‌ಗಳಿಗೆ ಇನ್ನೊಂದು ಕಾಯಿಲೆ ಇದೆ, 2 ಟಿಬಿಗಿಂತ ದೊಡ್ಡ ಡಿಸ್ಕ್ ಕೊಟ್ಟರೆ ಎಣಿಕೆ ತಪ್ಪುತ್ತದೆ. ಅವು 32 ಬಿಟ್‌ನಲ್ಲಿ ಎಣಿಸುತ್ತವೆ, ಒಂದೊಂದು ತುಣುಕು 512 ಬೈಟ್, ಗುಣಿಸಿದರೆ 2.2 ಟಿಬಿ ಹತ್ತಿರ ಬೆರಳು ಮುಗಿದುಹೋಗುತ್ತದೆ.

ಇದನ್ನು ದಾಟೋದಕ್ಕೆ ಕೆಲವು ಕೇಸಿಂಗ್‌ಗಳು ಒಂದು ಉಪಾಯ ಮಾಡಿದವು. 512 ಬೈಟಿನ ಬದಲು 4096 ಬೈಟಿನ ತುಣುಕು ಇದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳೋದು. ನನ್ನ ಆಫೀಸಿನ ಗೆಳೆಯ ಇದರಲ್ಲೇ ಸಿಕ್ಕಿಕೊಂಡ. ಅಂಥ ಕೇಸಿಂಗ್‌ನಲ್ಲಿ ಫಾರ್ಮ್ಯಾಟ್ ಮಾಡಿ ಎರಡು ವರ್ಷ ತುಂಬಿದ 4 ಟಿಬಿ ಡಿಸ್ಕನ್ನು, ಕೇಸಿಂಗ್ ಕೆಟ್ಟಾಗ ತೆಗೆದು ಬೇರೆ ಕಂಪ್ಯೂಟರ್‌ಗೆ ನೇರವಾಗಿ ಹಾಕಿದ. ಡಿಸ್ಕ್ ಖಾಲಿ, ಫಾರ್ಮ್ಯಾಟ್ ಮಾಡಲೇ ಅಂತ ವಿಂಡೋಸ್ ಕೇಳಿತು. ಪುಣ್ಯಕ್ಕೆ ಹೂಂ ಅನ್ನಲಿಲ್ಲ. ಅದೇ ಥರದ ಕೇಸಿಂಗ್ ಹುಡುಕಿ ತಂದು ಹಾಕಿದ ಮೇಲೆ ಎಲ್ಲ ಇತ್ತು.

ನಾನು ಅಂಗಡಿಯಲ್ಲಿ ಜಾಸ್ತಿ ಹೊತ್ತು ಕಳೆದದ್ದು ಇದೇ ಕಾರಣಕ್ಕೆ. ಕೇಸಿಂಗ್ ಹೇಗೆ ಮುಚ್ಚುತ್ತದೆ ಅಂತ ಎಲ್ಲರೂ ನೋಡುತ್ತಾರೆ, ನಾನು ಹೇಗೆ ಬಿಚ್ಚುತ್ತದೆ ಅಂತ ನೋಡುತ್ತಿದ್ದೆ. ಕೆಲವು ವರ್ಷದ ಹಿಂದೆ ಒಂದು ದೊಡ್ಡ ಕಂಪನಿಯ ರೆಡಿಮೇಡ್ ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡಿದ್ದೆ. ಹೆಸರು ಬೇಡ ಬಿಡಿ. ಒಂದು ದಿನ ಕೇಬಲ್ ಚುಚ್ಚುವ ಬಾಯಿ ಸಡಿಲವಾಗಿ ಒಳಕ್ಕೆ ಹೋಯಿತು. ಡಿಸ್ಕ್ ಚೆನ್ನಾಗಿಯೇ ಇದೆಯಲ್ಲ, ತೆಗೆದು ಬೇರೆ ಕೇಸಿಂಗ್‌ಗೆ ಹಾಕೋಣ ಅಂತ ಪ್ಲಾಸ್ಟಿಕ್ ಸೀಳಿ ನೋಡಿದರೆ ಸಾಟಾ ಬಾಯಿಯೇ ಇಲ್ಲ! ಯುಎಸ್‌ಬಿ ಬಾಯನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿದ್ದರು. ಇನ್ನು ಕೆಲವು ರೆಡಿಮೇಡ್ ಡಿಸ್ಕ್‌ಗಳಲ್ಲಿ ಸಾಟಾ ಇದ್ದರೂ, ಡಬ್ಬದೊಳಗಿನ ಚಿಪ್ಪೇ ಎಲ್ಲವನ್ನೂ ಬೀಗ ಹಾಕಿ ಬರೆದಿರುತ್ತದೆ, ನಾವು ಪಾಸ್‌ವರ್ಡ್ ಇಡದಿದ್ದರೂ ಸಹ. ಚಿಪ್ ಹೋದರೆ ಬೀಗದ ಕೈಯೂ ಹೋದ ಹಾಗೆ. ಐವತ್ತು ಪೈಸೆಯ ಬಾಯಿ ಮುರಿದದ್ದಕ್ಕೆ ನಾನು ರಿಪೇರಿಯವನಿಗೆ 3,000 ಕೊಟ್ಟೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದಕ್ಕೇ ನಾಲ್ಕು ಸ್ಕ್ರೂ ಇರುವ, ದಪ್ಪ ಅಲ್ಯುಮಿನಿಯಮ್ಮಿನ, ನೋಡೋಕೆ ಏನೂ ಚೆಂದವಿಲ್ಲದ ಕೇಸಿಂಗ್ ಆರಿಸಿದೆ. ಆನ್-ಆಫ್ ಸ್ವಿಚ್ ಇದೆ, ಇದು ಮೂರೂವರೆ ಇಂಚಿನದಕ್ಕೆ ಇರಲೇಬೇಕು. ಅಂಗಡಿಯವರ ಕಂಪ್ಯೂಟರಿನಲ್ಲೇ ಹಾಕಿ ನೋಡಿದೆವು. 931 ಜಿಬಿ ಅಂತ ತೋರಿಸಿತು. 1 ಟಿಬಿಯಲ್ಲಿ ಉಳಿದದ್ದು ಎಲ್ಲಿ ಹೋಯಿತು ಅಂತ ಗಾಬರಿ ಬೀಳಬೇಡಿ, ಎಲ್ಲೂ ಹೋಗಿಲ್ಲ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಚೌಕಾಸಿ ಮಾಡಿ 1,600ಕ್ಕೆ ಆಯಿತು.

ಉಳಿದದ್ದು ಅಣ್ಣನ 80 ಜಿಬಿ. ಅದನ್ನು ಪಂಚೆಯಿಂದ ಬಿಡಿಸಿದ ತಕ್ಷಣ ಅಂಗಡಿಯವರು ನಕ್ಕರು. "ಐಡಿಇ! ಎಷ್ಟು ವರ್ಷ ಆಯ್ತು ನೋಡಿ." ಐಡಿಇ ಅಂದರೆ ಸಾಟಾ ಬರುವುದಕ್ಕೆ ಮುಂಚಿನ ಜೋಡಣೆ. ಇದರ ಬಾಯಿ ಸಾಟಾ ಥರ ಚಪ್ಪಟೆ ಅಲ್ಲ, ಬಾಚಣಿಗೆ ಥರ 40 ಕಡ್ಡಿ. ಐಡಿಇ ಕೇಸಿಂಗ್ ಹಳೇ ಸ್ಟಾಕ್‌ನಲ್ಲಿ ಒಂದು ಇದೆ, ಹುಡುಕಿಸಲೇ ಅಂದರು. ಬೇಡ ಅಂದೆ. ಈ ಡಿಸ್ಕಿಗೆ ಮನೆ ಕಟ್ಟಿಸಬೇಕಾಗಿಲ್ಲ, ಛತ್ರದಲ್ಲಿ ಒಂದು ರಾತ್ರಿ ಮಲಗಿಸಿದರೆ ಸಾಕು. ಛತ್ರ ಅಂದರೆ ಯುಎಸ್‌ಬಿ ಕನ್ವರ್ಟರ್ ಕೇಬಲ್. ಒಂದು ಪುಟ್ಟ ಡಬ್ಬಿ, ಅದರ ಸುತ್ತ ಮೂರು ಬಾಯಿ, ದೊಡ್ಡ ಐಡಿಇಗೊಂದು, ಲ್ಯಾಪ್‌ಟಾಪ್ ಐಡಿಇಗೊಂದು, ಸಾಟಾಗೊಂದು, ಜೊತೆಗೆ ಅಡಾಪ್ಟರ್. ಮೈಮೇಲೆ ಬಟ್ಟೆ ಇಲ್ಲದ ಹಾಗೆ ಡಿಸ್ಕ್ ಟೇಬಲ್ ಮೇಲೆ ಮಲಗಿರುತ್ತದೆ, ಆದರೆ ಒಂದು ಸಲ ಓದಿಕೊಳ್ಳೋದಕ್ಕೆ ಅಷ್ಟೇ ಸಾಕು. 600 ರೂಪಾಯಿ.

ಮನೆಗೆ ಬಂದು ಡಿಸ್ಕಿನ ಹಿಂಬದಿಯಲ್ಲಿದ್ದ, ಒಂದೇ ಕೇಬಲ್ಲಿನ ಎರಡು ಡಿಸ್ಕಲ್ಲಿ ಇದು ಎಷ್ಟನೇದು ಅಂತ ಹೇಳುವ ಪುಟ್ಟ ಜಂಪರನ್ನು ಸ್ಲೇವ್‌ನಿಂದ ಮಾಸ್ಟರ್‌ಗೆ ಚಿಮುಟದಲ್ಲಿ ಬದಲಿಸಿದೆ. ಈ ಮಾತು ಗೊತ್ತಿರುವವರು ಈಗ ಕನ್ನಡಕ ಹಾಕುವ ವಯಸ್ಸಿಗೆ ಬಂದಿರುತ್ತಾರೆ. ಮರದ ಹಲಗೆಯ ಮೇಲೆ ಇಟ್ಟು, ಮಗಳಿಗೆ ಟೇಬಲ್ ಅಲ್ಲಾಡಿಸಬೇಡ ಅಂತ ಹೇಳಿ, ಸ್ವಿಚ್ ಹಾಕಿದೆ. ಹತ್ತು ವರ್ಷ ಅಟ್ಟದಲ್ಲಿ ಮಲಗಿದ್ದದ್ದು ಮಿಕ್ಸಿ ಥರ ಒಂದು ಸಲ ಕಿರುಚಿ ತಿರುಗಿತು. ಏನನ್ನೂ ತೆರೆದು ನೋಡಲಿಲ್ಲ. ಮೊದಲು ಇಡೀ ಡಿಸ್ಕನ್ನು ಇದ್ದ ಹಾಗೆ 1 ಟಿಬಿಗೆ ಇಳಿಸಿಕೊಂಡೆ. ಮಧ್ಯದಲ್ಲಿ ಒಮ್ಮೆ ಕರೆಂಟ್ ಹೋಯಿತು. ಕಂಪ್ಯೂಟರ್‌ಗೆ ಯುಪಿಎಸ್ ಇದೆ, ಅಡಾಪ್ಟರ್‌ಗಳನ್ನು ಗೋಡೆಗೆ ಚುಚ್ಚಿದ್ದ ಜಾಣ ನಾನು. ಎರಡನೇ ಸಲ ಅವನ್ನೂ ಯುಪಿಎಸ್‌ಗೆ ಚುಚ್ಚಿ ಶುರುಮಾಡಿದೆ. ರಾತ್ರಿ ಒಂದು ಗಂಟೆಗೆ ಮುಗಿಯಿತು.

"Thota" ಅನ್ನುವ ಫೋಲ್ಡರ್ ಸಿಕ್ಕಿತು. ತೆರೆದರೆ ಒಂದಕ್ಷರವೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಸೊನ್ನೆ, ಗೀಟು, ಕೊಂಬು, ಡಾಲರ್ ಚಿಹ್ನೆ. ಒಂದು ಕ್ಷಣ ಡಿಸ್ಕ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ನೆನಪಾಯಿತು, ಅಣ್ಣ ಟೈಪ್ ಮಾಡುತ್ತಿದ್ದದ್ದು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ, ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ನಮ್ಮ ಮನೆಗೆ ಬರುವುದಕ್ಕೆ ಮುಂಚೆ. ಆಗಿನ ನುಡಿ, ಬರಹದ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ಇಂಗ್ಲಿಷ್ ಸಂಕೇತಗಳನ್ನೇ, ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕುತ್ತಿತ್ತು. ಫಾಂಟಿಲ್ಲದಿದ್ದರೆ ಮುಖವಾಡ ಕಳಚುತ್ತದೆ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ. ಕೆಲವು ಒತ್ತಕ್ಷರ ಎಡವಟ್ಟಾದವು, ಉಳಿದದ್ದು ಚೆನ್ನಾಗಿ ಓದುವ ಹಾಗೆ ಬಂತು. ಕೊಬ್ಬರಿ ಕ್ವಿಂಟಲ್ ಲೆಕ್ಕ, ಗೊಬ್ಬರದ ಲೆಕ್ಕ, ಯಾವ ಮರಕ್ಕೆ ನುಸಿ ರೋಗ ಬಂತು, ಕೂಲಿ ಯಾರಿಗೆ ಎಷ್ಟು ಬಾಕಿ. ನಡುವೆ ಒಂದು ಸಾಲಿನಲ್ಲಿ ನನ್ನ ಹೆಸರು, ಹಾಸ್ಟೆಲ್ ಫೀಸು ಅಂತ, ಅದರ ಪಕ್ಕದಲ್ಲೇ ಎರಡು ಮರ ಮಾರಿದ ಲೆಕ್ಕ. ಅದು ನನಗೆ ಗೊತ್ತಿರಲಿಲ್ಲ.

ಬೋರ್ ಲೆಕ್ಕ ಕೊನೆಯಲ್ಲಿತ್ತು. ಬೆಳಿಗ್ಗೆ ಆರು ಗಂಟೆಗೇ ಫೋನ್ ಮಾಡಿದೆ.

"ಅಣ್ಣ, ಬರ್ಕೊಳ್ಳಿ. ಒಟ್ಟು 480 ಅಡಿ. ಕೇಸಿಂಗ್ 60 ಅಡಿ. ಮೊದಲ ನೀರು 210ಕ್ಕೆ, ಎರಡನೇದು 390ಕ್ಕೆ."

"ತಡಿ, ತಡಿ" ಅಂದರು. ಚಪ್ಪಲಿ ಮೆಟ್ಟಿಕೊಂಡು ನಡೆಯುವ ಸದ್ದು, ಬಾಗಿಲ ಚಿಲಕದ ಸದ್ದು. ಆಮೇಲೆ ಏನೋ ಗೀಚುವ ಸದ್ದು. ಎಲ್ಲಿ ಬರೀತಿದ್ದೀರಿ ಅಂತ ಕೇಳಿದೆ.

"ಪಂಪ್ ಹೌಸ್ ಗೋಡೆ ಮೇಲೆ. ಇದ್ದಲಲ್ಲಿ ಬರೆದಿದ್ದೀನಿ, ಆಮೇಲೆ ಪೇಂಟ್ ಹೊಡೆಸ್ತೀನಿ. ಇನ್ನೊಂದ್ಸಲ ಹೇಳು, ಕೇಸಿಂಗ್ ಎಷ್ಟು ಅಡಿ ಅಂದೆ?"